ಟ್ರೇಲರಿಗೊಂದು ಕೀಲಿ

ಮಾರ್ಚ್ ಹನ್ನೆರಡು, ಒಣ ಬಿಸಿಲು. ಹಿಂದಿನ ವಾರ ನಮ್ಮೂರು ಉಪ್ಪಿನಬೆಟಗೇರಿಯಲ್ಲಿ ಪಕ್ಕದ ಹೊಲದವರ ಟ್ರ್ಯಾಕ್ಟರ್ ಟ್ರೇಲರನ್ನು ಯಾರೋ ಎಳೆದುಕೊಂಡು ಹೋಗಿದ್ದರು. ನನ್ನ ಟ್ರೇಲರ್ ಇನ್ನೂ ಹೊಸದು. ಹುಬ್ಬಳ್ಳಿಯ ಬೀಗದ ಅಂಗಡಿಗೆ ಹೋಗಿ ದಪ್ಪ ಸರಪಳಿ ಕೇಳಿದೆ.

ಅಂಗಡಿಯ ಯಜಮಾನತಿ ಒಪ್ಪಲಿಲ್ಲ. "ಸರಪಳಿ ಕತ್ತರಸ್ತಾರ್ರಿ. ಟ್ರ್ಯಾಕ್ಟರಿಗೆ ಸಿಗಸೋ ಕಬ್ಬಿಣದ ಬಳಿ ಐತಲ್ಲ, ಅದರಾಗ ಈ ಕೀಲಿ ಕೂಡಸ್ರಿ. ಕಳ್ಳಗ ಕೊಂಡಿ ಹಾಕಾಕ ಜಾಗಾನ ಸಿಗೂದಿಲ್ಲ. ತಗೋರಿ ಸುತ್ತಿಗಿ, ನೀವ ಹೊಡದ ನೋಡ್ರಿ."

ಹೊಡೆದೆ. ಹತ್ತನೆಯ ಏಟಿಗೆ ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದಿದ್ದರು. ಕೀಲಿಗೆ ಬಿದ್ದದ್ದು ಒಂದು ಗೀರು ಮಾತ್ರ. ಕಳ್ಳನನ್ನೇ ಹಿಡಿದಷ್ಟು ಖುಷಿಯಾಯಿತು.

"ಇದನ್ನ ಕೊಡ್ರಿ" ಎಂದೆ.

"ಎರಡ ಚಾವಿ ಬರ್ತಾವ. ಸಾಕೇನ್ರಿ?"

"ನಾ ಒಬ್ಬನ ಇರೋದು."

"ಖರೇ ಹೇಳ್ರಿ, ನಿಮ್ಮನ್ನ ಕೇಳದ ಟ್ರೇಲರ್ ಒಯ್ಯೋರು ಎಷ್ಟ ಮಂದಿ?"

ಎಣಿಸಿದೆ. ಏಳು ಮನೆ. ನಮ್ಮ ಓಣಿಯಲ್ಲಿ ಟ್ರೇಲರ್ ಕೇಳಿ ಒಯ್ಯುವ ರೂಢಿಯೇ ಇಲ್ಲ. ಅವರ ಬಿತ್ತುವ ಕೂರಿಗೆಯನ್ನು ನಾನೂ ಹಾಗೆಯೇ ತರುತ್ತೇನೆ. ಈಗ ಕೀಲಿ ಹಾಕಿದರೆ ಅವರನ್ನೇ ಕಳ್ಳರೆಂದ ಹಾಗೆ.

ಕೀಲಿಗೆ ಒಂಬೈನೂರು ಕೊಟ್ಟೆ, ಏಳು ಮನೆಗೂ ನನಗೂ ಸಾಲುವಂತೆ ಹೆಚ್ಚಿನ ಆರು ಚಾವಿಗೆ ಸಾವಿರದ ಇನ್ನೂರು.