ಬೀಗರ ಮುಂದೆ ನೋಡದ ಮೊತ್ತ

ತಂಗಿಯ ಮದುವೆಯ ಬಸ್ತಾಕ್ಕೆ, ಅಂದರೆ ಜವಳಿ ಖರೀದಿಗೆ, ಎರಡೂ ಕಡೆಯವರು ಕೂಡಿ ಹಾನಗಲ್ಲಿಗೆ ಹೋಗಿದ್ದೆವು. ಅಂಗಡಿ ಬೀಗರ ಗುರುತಿನದು, ದುಡ್ಡು ಕೊಡುವವಳು ನಾನು. ಮಾಲೀಕರು ಕಾರ್ಡಿನ ಮಷೀನು ಮುಂದೆ ಹಿಡಿದಾಗ ಬೀಗತಿ, ತಂಗಿಯ ಅತ್ತೆಯಾಗುವವರು, ಪಕ್ಕದಲ್ಲೇ ನಿಂತಿದ್ದರು. ಬೀಗರ ಎದುರು ಲೆಕ್ಕ ನೋಡುವುದು ನಮ್ಮಲ್ಲಿ ಸಣ್ಣತನ. ನಾನು ದೊಡ್ಡ ಸಾಹುಕಾರ್ತಿಯ ಹಾಗೆ ಬೇರೆ ಕಡೆ ನೋಡಿ ನಗುತ್ತಾ ಪಿನ್ ಒತ್ತಿದೆ. ಬಟ್ಟೆಯ ಗಂಟು, ಅದರೊಳಗಿನ ಬಿಲ್ಲು, ಎರಡೂ ಬೀಗರ ಜೊತೆ ಮಾಸೂರಿಗೆ ಹೋದವು.

ಚಿಕ್ಕೇರೂರಿನ ಬಸ್ಸಿನಲ್ಲಿ ಮೆಸೇಜು ನೋಡಿದೆ. ನನ್ನ ಲೆಕ್ಕಕ್ಕಿಂತ ಹದಿನಾಲ್ಕು ಸಾವಿರ ಹೆಚ್ಚು! ಒಂದೊಂದೇ ಸೀರೆ ನೆನೆದು ಮತ್ತೆ ಮತ್ತೆ ಕೂಡಿಸಿದೆ. ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಗೆ ಫೋನು ಮಾಡಿದರೆ ಬೀಗರ ಕಿವಿಗೆ ಬಿದ್ದೇ ಬೀಳುತ್ತದೆ. ನಾನೋ, ಮೊದಲೇ ಬಾಯಿಬಡುಕಿ. ಅವ್ವನ ಮುಂದೆಯೇ ತಂಗಿಗೆ ಅಂದುಬಿಟ್ಟೆ:

“ಬೀಗತಿ ತನ್ನ ಸೀರಿನೂ ನಮ್ಮ ಬಿಲ್ಲಿನ್ಯಾಗ ಸೇರಿಸ್ಯಾಳ. ಆ ಮನಿಗೆ ಹೋದಮ್ಯಾಲ ನಿನ್ನ ಟ್ರಂಕಿಗೆ ಕೀಲಿ ಹಾಕ್ಕೋ.”

ಅವ್ವ ಸುಮ್ಮನಿರು ಎಂದಳು.

ಮರುದಿನವೇ ಬ್ಯಾಂಕಿಗೆ ಹೋದೆ. ಅಲ್ಲಿನ ಸಾಹೇಬರು, ಪಿನ್ ನೀವೇ ಒತ್ತಿದ ಮೇಲೆ ನೀವು ಒಪ್ಪಿದ ಹಾಗೆಯೇ, ಮೊತ್ತ ಯಾಕೆ ನೋಡಲಿಲ್ಲ ಎಂದರು. ಬೀಗತಿ ನಿಂತಿದ್ದರು ಎಂದು ಯಾವ ಬಾಯಿಂದ ಹೇಳಲಿ? ತಕರಾರು ಅರ್ಜಿ ತುಂಬಿಸಿಕೊಂಡರು. ಅಂಗಡಿಯಿಂದ ಬಿಲ್ಲಿನ ನಕಲು ತರಿಸಲು ತಿಂಗಳಾದರೂ ಬೇಕಂತೆ.

ಅಷ್ಟರಲ್ಲಿ ಮದುವೆ ಬಂತು. ಅಕ್ಷತೆ ಹಾಕುವಾಗಲೂ ನನ್ನ ಕಣ್ಣು ಬೀಗತಿಯ ಸೀರೆಯ ಮೇಲೆಯೇ. ಇದೇ ಇರಬೇಕು ನನ್ನ ದುಡ್ಡಿನದು ಎಂದು ಒಳಗೊಳಗೇ ಕುದ್ದೆ. ಸಾಲದ್ದಕ್ಕೆ ಗಳಿಗೆಗೊಮ್ಮೆ ಪೆಂಡಾಲಿನ ಹೊರಗೆ ಹೋಗಿ ಫೋನು ನೋಡಿ ಬರುತ್ತಿದ್ದೆ. ತಂಗಿಯನ್ನು ಕಳಿಸಿಕೊಡುವಾಗ ಅಳುವುದಕ್ಕೂ ಮನಸ್ಸು ನಿಲ್ಲಲಿಲ್ಲ.

ಮದುವೆಯಾಗಿ ಎರಡು ವಾರಕ್ಕೆ ಅಂಗಡಿಯ ಮಾಲೀಕರೇ ಫೋನು ಮಾಡಿದರು. ಅಂದು ನಮ್ಮ ಪಕ್ಕದಲ್ಲಿ ಕೂತಿದ್ದ ಬೇರೆ ಮದುವೆಯವರ ಎರಡು ರೇಷ್ಮೆ ಸೀರೆಗಳನ್ನು ಅಂಗಡಿಯ ಕೆಲಸದವರು ನಮ್ಮ ಬಿಲ್ಲಿಗೆ ಬರೆದಿದ್ದರಂತೆ. ಮೂರು ಸಲ ತಪ್ಪಾಯಿತು ಎಂದರು. ನಾಲ್ಕನೇ ದಿನ ದುಡ್ಡು ವಾಪಸು ಬಂತು. ಹಗುರಾಗಬೇಕಿತ್ತು, ಆಗಲಿಲ್ಲ. ಭಾನುವಾರ ಮೊದಲ ಬಸ್ಸಿಗೇ ಮಾಸೂರಿಗೆ ಹೊರಟೆ.

ತಂಗಿ ನೀರು ತಂದುಕೊಟ್ಟಳು. ಸೊಂಟದಲ್ಲಿ ಸಣ್ಣ ಕೀಲಿಕೈ ಸಿಕ್ಕಿಸಿಕೊಂಡಿದ್ದಳು. ಅವಳು ಒಳಗೆ ಹೋದ ಮೇಲೆ ಬೀಗತಿ ಚಹಾದ ಕಪ್ಪು ನನ್ನ ಮುಂದಿಟ್ಟು, ಪಕ್ಕದಲ್ಲಿ ಕೂತು, ದನಿ ತಗ್ಗಿಸಿದರು.

“ನೀರಿಗೆ ಹೋದ್ರೂ ಟ್ರಂಕಿಗೆ ಕೀಲಿ ಹಾಕ್ಕೊಂಡ ಹೋಗ್ತಾಳ್ರಿ. ಇರ್ಲಿ, ಹೊಸಾ ಮನಿ. ಅಂಜಿಕಿ ಇರ್ತದ.”

ಕಪ್ಪು ಎತ್ತಿದವಳು ಹಾಗೆಯೇ ಕೆಳಗಿಟ್ಟೆ.

“ಅಕೀದು ತಪ್ಪಿಲ್ರಿ. ಕೀಲಿ ಹಾಕು ಅಂತ ಹೇಳಿದಾಕಿ ನಾನರಿ,” ಎಂದೆ.