ಎದೆಗೊತ್ತಿಕೊಳ್ಳಬೇಕಿದ್ದ ಅಯಸ್ಕಾಂತ

“ಅತ್ತೀ, ಕೆಳಗಿಡ್ರಿ ಅದನ್ನ!” ಅಡುಗೆಮನೆಯಿಂದ ಆ ಮನೆಯ ಸೊಸೆ ಚೀರುತ್ತ ಓಡಿಬಂದರು. ನಾನು ಬೆಚ್ಚಿಬಿದ್ದೆ.

ಕಿಟಕಿ ಒರೆಸುವ ಹೊಸ ಸಾಧನ ತೋರಿಸಿ ಮಾರಲು ಮೊರಬ ಊರಿನ ಆ ಮನೆಗೆ ಹೋಗಿದ್ದೆ. ಗಾಜಿನ ಒಳಗೊಂದು, ಹೊರಗೊಂದು ಅಯಸ್ಕಾಂತ. ಒಳಗಿನದನ್ನು ಸರಿಸಿದರೆ ಹೊರಗಿನದೂ ಬೆನ್ನುಹತ್ತಿ ಧೂಳು ತೆಗೆಯುತ್ತದೆ. ಮನೆಯ ಅಜ್ಜಿ ಹಿಗ್ಗಿ, “ಅಗದಿ ಜಾದೂನ ಐತಿ ನೋಡವಾ, ಕೊಡಿಲ್ಲಿ” ಎಂದು ಒಂದನ್ನು ಇಸಿದುಕೊಂಡರು. ಹೊಸ ಸಲಕರಣೆ ಕೈಗೆ ಬಂದರೆ ಕಣ್ಣಿಗೊತ್ತಿ ಎದೆಗೊತ್ತಿಕೊಳ್ಳುವುದು ನಮ್ಮ ಹಿರಿಯರ ರೂಢಿ. ಕಣ್ಣಿಗೆ ಒತ್ತಿಕೊಂಡಾಗಿತ್ತು. ಎದೆಯ ಹತ್ತಿರ ಬರುವಷ್ಟರಲ್ಲಿ ಸೊಸೆ ಕಸಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಇಟ್ಟುಬಂದರು.

“ಇವರ ಎದಿಯೊಳಗ ಪೇಸ್‌ಮೇಕರ್ ಹಾಕ್ಯಾರ್ರೀ. ಮ್ಯಾಗ್ನೆಟ್ ಹತ್ರ ತರಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ.”

ನಾನು ಇನ್ನೊಂದು ಅಯಸ್ಕಾಂತವನ್ನೂ ಎತ್ತಿಕೊಂಡು ಓಡಿ ಹೊರಗೆ ಇಟ್ಟುಬಂದೆ. ಅಜ್ಜಿ ಮಾತ್ರ ನಕ್ಕರು: “ಕಿಡಕಿ ವರಸಾಕ ಬಂದು ನನ್ನ ವರಸಿ ಹಾಕ್ತಿದ್ದೆಲ್ಲ ಬೇ!”

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು, ಅದೂ ವಿಜ್ಞಾನದಲ್ಲಿ. ಅದನ್ನು ಹೆಮ್ಮೆಯಿಂದ ಹೇಳಿಕೊಂಡೇ ಮನೆಮನೆಯ ಬಾಗಿಲು ತಟ್ಟುತ್ತಿದ್ದೆ. ಈಗ ಹೆಸರು ಹೇಳುವ ಮೊದಲೇ ಕೇಳುತ್ತೇನೆ: “ಮನ್ಯಾಗ ಯಾರಿಗರೆ ಎದಿಯೊಳಗ ಮಷಿನ್ ಹಾಕ್ಯಾರೇನ್ರಿ?” ಉತ್ತರ ಬರುವತನಕ ಚೀಲ ಬಿಚ್ಚುವುದಿಲ್ಲ.