ಎರಡನೆಯ ಬೀಗದ ಕೈ

ಪಾಲನಾ ಮನೆಯಲ್ಲಿ ಅವಳನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಲ್ಲದ, ಇದ್ದೂ ಇಲ್ಲದಂತಾದ ಮಕ್ಕಳು ಬೆಳೆಯುವ ಮನೆ ಅದು. ಹದಿನೆಂಟು ತುಂಬಿತೆಂದರೆ ಚೀಲ ಹಿಡಿದು ಹೊರಡಬೇಕು. ಹಾಗೆ ಹೊರಡುವವರನ್ನು ಒಬ್ಬರೇ ಬದುಕಲು ತಯಾರು ಮಾಡುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದಳು.

ಮೊದಮೊದಲು ಅದು ಬರೀ ಭಾಷಣವಾಗಿತ್ತು. ಬ್ಯಾಂಕಿನ ಅರ್ಜಿ ಹೀಗೆ ತುಂಬಿ, ಸಂದರ್ಶನದಲ್ಲಿ ಹಾಗೆ ಕೂರಿ. ಅದನ್ನೆಲ್ಲ ಬರೆದುಕೊಂಡು ಹೋದ ಹುಡುಗಿಯೊಬ್ಬಳು ನಾಲ್ಕನೇ ದಿನ ಗೇಟಿನ ಹೊರಗೆ ನಿಂತಿದ್ದಳು. "ಅಕ್ಕ, ರೂಮಲ್ಲಿ ಲೈಟ್ ಆರಿಸೋಕೆ ಯಾರೂ ಬರ್ಲಿಲ್ಲ. ನಿದ್ದೆನೇ ಬರ್ಲಿಲ್ಲ," ಎಂದಳು. ಅವಳನ್ನು ಮತ್ತೆ ಒಳಗೆ ಸೇರಿಸಿಕೊಳ್ಳಲು ನಿಯಮವಿರಲಿಲ್ಲ. ಬೀಗದಕ್ಕನಿಗೆ ತನ್ನ ಭಾಷಣದ ಮೇಲೆಯೇ ಹೇಸಿಗೆಯಾಯಿತು. ಮಾರನೆಯ ವಾರವೇ ಜಗಳವಾಡಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಗೋದಾಮು ಖಾಲಿ ಮಾಡಿಸಿದಳು. ಒಂದು ಒಲೆ, ಒಂದು ಮಂಚ, ಗಟ್ಟಿ ಬೀಗದ ಬಾಗಿಲು. ಹೊರಡುವ ಮುನ್ನ ಪ್ರತಿಯೊಬ್ಬರೂ ಎರಡು ತಿಂಗಳು ಅಲ್ಲಿ ಒಬ್ಬರೇ ಇರಬೇಕು. ಬೀಗದ ಕೈ ಒಂದೇ, ಇರುವವರ ಹತ್ತಿರ. ಅವರಾಗಿ ತೆರೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ, ಬೀಗದಕ್ಕನೂ.

ಭಾರಿ ಗಟ್ಟಿಗಿತ್ತಿ ಎಂದುಕೊಂಡರೆ ತಪ್ಪಾದೀತು. ಅವಳಷ್ಟು ಪುಕ್ಕಲಿ ಆ ಕಟ್ಟಡದಲ್ಲೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಆ ಬಾಗಿಲ ಮುಂದೆ ಹಾದು, ಗ್ಯಾಸಿನ ವಾಸನೆಯೇನಾದರೂ ಬರುತ್ತಿದೆಯೇ ಎಂದು ಮೂಗು ಎಳೆಯುತ್ತಿದ್ದಳು. ಮನೆಯಲ್ಲಿ ಹತ್ತೊಂಬತ್ತರ ಮಗಳಿಗೆ ಇನ್ನೂ ತಾನೇ ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು.

"ಕಂಡವರ ಮಕ್ಕಳಿಗೆಲ್ಲ ಸ್ವಾತಂತ್ರ್ಯ. ನಮ್ಮವಳಿಗೆ ಒಲೆ ಹಚ್ಚೋಕೂ ಪರ್ಮಿಷನ್ ಇಲ್ಲ," ಎಂದು ಗಂಡ ಕಿಚಾಯಿಸುತ್ತಿದ್ದ.

"ನಮ್ಮವಳು ಬಿದ್ರೆ ಹಿಡಿಯೋಕೆ ನಾವಿದ್ದೀವಲ್ರೀ. ಆ ಮಕ್ಕಳಿಗೆ ಯಾರಿದ್ದಾರೆ?"

ಈ ಸಲ ಕೋಣೆಗೆ ಬಂದವಳು ಚೂಟಿ ಎಂಬ ಹುಡುಗಿ. ಮೂರನೇ ವಯಸ್ಸಿನಿಂದ ಅಲ್ಲೇ ಬೆಳೆದವಳು. ಮೊದಲ ದಿನ ಐದು ಕಿಲೋ ಆಲೂಗಡ್ಡೆ ಸುಲಿದು ಬೇಯಿಸಿಟ್ಟಳು. ನಲವತ್ತು ಜನರ ಅಡುಗೆಮನೆಯಲ್ಲಿ ಕೈಯಾಡಿಸಿದವಳಿಗೆ ಒಂದು ಹೊಟ್ಟೆಗೆ ಎಷ್ಟು ಬೇಕೆಂಬ ಅಂದಾಜೇ ಇರಲಿಲ್ಲ. ಅದಕ್ಕಾದರೂ ನಗಬಹುದಿತ್ತು. ಸಂಜೆ ಬೀಗದಕ್ಕ ತಟ್ಟಿ, ಅವಳು ಬಾಗಿಲು ತೆರೆದಾಗ ಪಾತ್ರೆ ತುಂಬಿದ್ದು ತುಂಬಿದಂತೆಯೇ ಇತ್ತು.

"ಯಾಕೇ, ತಿನ್ಲೇ ಇಲ್ಲ?"

"ಬೆಲ್ ಹೊಡೀಲೇ ಇಲ್ವಲ್ಲಕ್ಕ."

ಊಟದ ಮನೆಯ ಗಂಟೆ ಆ ಮೂಲೆಗೆ ಕೇಳಿಸುವುದಿಲ್ಲ. ಬೀಗದಕ್ಕ ತುಂಬಿದ ಪಾತ್ರೆಯನ್ನೇ ನೋಡಿದಳು. ನಾಳೆ ಜ್ವರ ಬಂದರೆ? ಯಾರೂ ಕೇಳಲಿಲ್ಲವೆಂದು ಸುಮ್ಮನೆ ಮಲಗಿಬಿಟ್ಟರೆ? ಚೂಟಿ ಮುಖ ತೊಳೆಯಲು ಹೋದ ಹೊತ್ತಿನಲ್ಲಿ, ಮೇಜಿನ ಮೇಲಿದ್ದ ಬೀಗದ ಕೈಯನ್ನು ಕಳ್ಳಿಯ ಹಾಗೆ ಸೋಪಿಗೆ ಒತ್ತಿ ಅಚ್ಚು ತೆಗೆದಳು. ತಾನೇ ಮಾಡಿದ ನಿಯಮಕ್ಕೆ ತಾನೇ ಕನ್ನ ಹಾಕಿದಳು. ಎರಡನೆಯ ಬೀಗದ ಕೈ ಅವಳ ಕೈಚೀಲ ಸೇರಿತು.

ಆಲೂಗಡ್ಡೆಯ ಕಥೆ ಮೇಲಧಿಕಾರಿಯ ಕಿವಿಗೂ ಬಿತ್ತು.

"ಬೆಲ್ ಇಲ್ದೆ ಊಟ ಮಾಡೋಕೆ ಬರ್ದೇ ಇರೋಳಿಗೆ ಬೀಗ ಬೇರೆ ಕೇಡು! ತಿಂಗಳು ಬಿಟ್ಟು ಬಂದು ನೋಡ್ತೀನಿ. ಹೀಗೇ ಇದ್ರೆ ಆ ರೂಮಿಗೆ ಹಳೇ ಫೈಲ್ ತುಂಬಿಸ್ತೀನಿ."

"ಬೆಲ್ ಕಟ್ಕೊಂಡು ಹೊರಗೆ ಹೋಗೋಕಾಗಲ್ಲ ಸರ್. ಅದಕ್ಕೇ ರೂಮು ಬೇಕು," ಎಂದಳು ಅವಳು.

ತಿಂಗಳಾದ ಮೇಲೆ ಆತ ಮಧ್ಯಾಹ್ನ ಹೇಳದೆ ಕೇಳದೆ ಬಂದು ಬಾಗಿಲು ಬಡಿದ. ಬೀಗದಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು.

"ಯಾರು?" ಎಂದಿತು ಒಳಗಿನ ದನಿ.

"ಮೇಲಧಿಕಾರಿ. ಬಾಗ್ಲು ತೆಗಿ."

"ಊಟ ಮಾಡ್ತಿದ್ದೀನಿ ಸರ್. ಹತ್ತು ನಿಮಿಷ."

ಆತನ ಮುಖ ಕೆಂಪಾಯಿತು. ಬೀಗದಕ್ಕನ ಕಡೆ ತಿರುಗಿದ. "ನಿಮ್ಮತ್ರ ಇನ್ನೊಂದು ಕೀ ಇಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಕೈ ತಾನಾಗಿ ಚೀಲವನ್ನು ಬಿಗಿ ಹಿಡಿಯಿತು.

"ಇದೆ ಸರ್. ಕೊಡಲ್ಲ."

"ಏನಂದ್ರಿ? ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ, ನೋಡ್ಕೊಳ್ಳಿ."

"ಬರ್ಲಿ." ಅವಳು ಬಾಗಿಲಿಗೆ ಅಡ್ಡ ನಿಂತಳು. "ನಾಳೆ ಇವಳ ಬಾಗ್ಲನ್ನ ಯಾರ್ಯಾರೋ ಬಡೀತಾರೆ. ನಾನು ಅಧಿಕಾರಿ ಅಂತಾನೂ ಹೇಳ್ತಾರೆ. ಆಗ 'ತಾಳಿ' ಅನ್ನೋಕೆ ಬರ್ಬೇಕಲ್ವಾ? ಇವತ್ತು ನಿಮಗೆ ಹೇಳಿ ಕಲೀತಿದ್ದಾಳೆ. ಸ್ಟೂಲ್ ತರಿಸ್ಲಾ?"

ಒಗೆಯುವ ಕೋಣೆಯಿಂದ ಸ್ಟೂಲ್ ಬಂತು, ಅದರ ಹಿಂದೆಯೇ ನಗು ತಡೆದುಕೊಂಡ ನಾಲ್ಕು ಮುಖಗಳೂ ಬಂದವು. ಆತ ಕೂರಲಿಲ್ಲ. ಒಳಗೆ ತಟ್ಟೆ ತೊಳೆಯುವ ಸದ್ದು ನಿಧಾನವಾಗಿ ಕೇಳಿತು. ಹನ್ನೊಂದನೇ ನಿಮಿಷಕ್ಕೆ ಬಾಗಿಲು ತೆರೆಯಿತು.

"ಬನ್ನಿ ಸರ್. ಕಾಲೊರೆಸ್ಕೊಳ್ಳಿ, ನೆಲ ಒರೆಸಿದ್ದೀನಿ."

ಒಲೆ ಆರಿತ್ತು. ಬೋರಲು ಹಾಕಿದ್ದ ಪಾತ್ರೆ ಎರಡೇ ಆಲೂಗಡ್ಡೆ ಹಿಡಿಯುವಷ್ಟು ಚಿಕ್ಕದು.

"ಯಾವ ಬೆಲ್ ಹೊಡೀತು ಈಗ?" ಎಂದ ಆತ ಕೊಂಕಾಗಿ.

"ಹಸಿವಾಯ್ತು ಸರ್."

ಆತ ಮೂಲೆಮೂಲೆ ನೋಡಿದ. ಕೊನೆಗೆ ವರದಿಯಲ್ಲಿ ಬರೆದದ್ದು ಒಂದೇ ಸಾಲು: 'ಅಧಿಕಾರಿಯನ್ನು ಹನ್ನೊಂದು ನಿಮಿಷ ಹೊರಗೆ ನಿಲ್ಲಿಸಲಾಯಿತು.'

"ಇನ್ನೂ ದಪ್ಪ ಅಕ್ಷರದಲ್ಲಿ ಬರೀಬಹುದಿತ್ತು ಸರ್," ಎಂದು ಬೀಗದಕ್ಕ ಕೆಳಗೆ ರುಜು ಹಾಕಿದಳು. ಫೈಲುಗಳ ಮಾತು ಆತ ಎತ್ತಲಿಲ್ಲ. ದುರುಗುಟ್ಟಿ ನೋಡಿ ಹೊರಟುಹೋದ.

ಅವಳು ಚೀಲದಿಂದ ಬೀಗದ ಕೈ ತೆಗೆದು ಚೂಟಿಯ ಮುಂದೆ ಹಿಡಿದಳು. "ನಿಂಗೆ ಹೇಳ್ದೆ ಮಾಡಿಸ್ಕೊಂಡಿದ್ದೆ. ಹೆದ್ರಿಕೆಗೆ. ತಪ್ಪಾಯ್ತು."

"ಗೊತ್ತಿತ್ತಕ್ಕ. ನನ್ನ ಕೀ ತುಂಬಾ ಸೋಪು ಮೆತ್ಕೊಂಡಿತ್ತು. ಯಾವತ್ತು ಬಳಸ್ತೀರೋ ಅಂತ ಕಾಯ್ತಿದ್ದೆ."

ಬೀಗದಕ್ಕನ ಕಿವಿ ಬಿಸಿಯಾಯಿತು. "ಇದೂ ನಿಂದೇ. ಯಾರಿಗೆ ಕೊಡಬೇಕು ಅನ್ನೋದು ನಿಂಗೇ ಬಿಟ್ಟಿದ್ದು."

ತನಗೇ ಕೊಟ್ಟಾಳು ಎಂಬ ಆಸೆ ಇತ್ತೋ ಏನೋ. ಚೂಟಿ ಎರಡನ್ನೂ ಜೇಬಿಗೆ ಹಾಕಿಕೊಂಡಳು.

"ಯೋಚ್ನೆ ಮಾಡಿ ಹೇಳ್ತೀನಕ್ಕ. ಈಗ ಸ್ವಲ್ಪ ಮಲಗ್ಬೇಕು."

ಬಾಗಿಲು ಮುಚ್ಚಿತು. ಬೀಗ ತಿರುಗಿದ ಸದ್ದು ಕೇಳುವವರೆಗೂ ಬೀಗದಕ್ಕ ನಿಂತಿದ್ದಳು. ಆಮೇಲೆ ಅಭ್ಯಾಸದಂತೆ ಒಮ್ಮೆ ಮೂಗು ಎಳೆದಳು. ಬೆಂದ ಆಲೂಗಡ್ಡೆಯ ವಾಸನೆಯಷ್ಟೇ ಬಂತು.